ಹೆದೆ ಇಳಿಸದ ಬಿಲ್ಲು

ಮೂರನೆಯ ಹಿಡಿ ಮಣ್ಣು ಹಾಕುವಾಗಲೂ ಸೇಸಪ್ಪನ ಜೀವವೆಲ್ಲ ಪಾರ್ಕಿಂಗಿನಲ್ಲಿ ನಿಲ್ಲಿಸಿದ್ದ ಕಾರಿನಲ್ಲೇ ಇತ್ತು. ಎದುರಿಗೆ ಗಲ್ಫಿನ ಬನಿಯಾಸ್ ಖಬರಸ್ಥಾನದ ಮರಳಿನಲ್ಲಿ ಇಷ್ಟು ವರ್ಷದ ಗೆಳೆಯ ಕಾಸಿಂ ಮಲಗಿದ್ದಾನೆ, ಇವನಿಗೆ ಕಾರಿನ ಚಿಂತೆ! ಯಾರಿಗಾದರೂ ಗೊತ್ತಾಗಿದ್ದರೆ ಥೂ ಅನ್ನುತ್ತಿದ್ದರು. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕಾಸಿಮನ ಬಿದಿರಿನ ಬಿಲ್ಲು ಇತ್ತು, ಅದೂ ನಿನ್ನೆಯಿಂದ ಹೆದೆ ಏರಿಸಿಟ್ಟ ಹಾಗೆಯೇ. ಮೇ ತಿಂಗಳ ಬಿಸಿಲಿಗೆ ಗಾಜು ಮುಚ್ಚಿದ ಕಾರು ಒಲೆಯೇ ಸರಿ. ಬಿಗಿದುಕೊಂಡು ಬೆಂದ ಬಿದಿರು ಒಂದೋ ಬಾಗಿದಂತೆಯೇ ಉಳಿಯುತ್ತದೆ, ಇಲ್ಲವೇ ಫಟ್ಟನೆ ಸೀಳುತ್ತದೆ.

"ಎಂತ ಮಾರಾಯ, ಆಚೆ ಆಚೆ ನೋಡ್ತಿ?" ಪಕ್ಕದಲ್ಲಿ ನಿಂತಿದ್ದ ಎಡ್ವರ್ಡ್ ಪಿಸುಗುಟ್ಟಿದ. ಮುಸಫ್ಫಾದ ವರ್ಕ್‌ಶಾಪಿನಲ್ಲಿ ಕಾಸಿಂ ಬಡಗಿ, ಎಡ್ವರ್ಡ್ ವೆಲ್ಡರ್, ಸೇಸಪ್ಪ ಸ್ಟೋರ್‌ಕೀಪರ್. ಮೂವರದೂ ಅಲ್ಲೇ ತಲೆ ನರೆತಿತ್ತು.

"ಬಿಲ್ಲು ಕಾರಲ್ಲಿ ಉಂಟು. ಹಗ್ಗ ಇಳಿಸ್ಲಿಲ್ಲ."

"ಅಯ್ಯೋ ದೇವಾ! ಕಾಸಿಮನ ಬಿಲ್ಲಾ? ಅವ ಎದ್ದು ಬಂದು ಬೈತಾನೆ ನೋಡು ನಿನಗೆ."

ಇಬ್ಬರಿಗೂ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಅತ್ತ ದುವಾ ನಡೆಯುತ್ತಿತ್ತು, ತಲೆ ತಗ್ಗಿಸಿ ನಿಂತರು.

*

ಅಡ್ಯಾರಿನ ಹೊಳೆಬದಿಯ ಹುಡುಗ ಕಾಸಿಂ. ಹೊಸ ನೀರು ಏರಿ ಬಂದಾಗ ಗದ್ದೆಯ ಅಂಚಿನಲ್ಲಿ ಅಪ್ಪನ ಜೊತೆ ಬಿಲ್ಲು ಹಿಡಿದು ಮೀನಿಗೆ ಕಾದವನು. ನೀರೊಳಗಿನ ಮೀನು ಕಂಡ ಜಾಗದಲ್ಲಿ ಇರುವುದಿಲ್ಲ, ಕೊಂಚ ಕೆಳಗೆ ಗುರಿಯಿಡಬೇಕು ಎಂಬುದು ಅವನು ಕಲಿತ ಮೊದಲ ಪಾಠ. ಗಲ್ಫಿಗೆ ಬಂದ ಮೇಲೆ ಹೊಳೆಯೂ ಇಲ್ಲ, ಗದ್ದೆಯೂ ಇಲ್ಲ. ಬಿಲ್ಲಿನ ಹುಚ್ಚು ಮಾತ್ರ ಬಿಡಲಿಲ್ಲ. ಊರಿನಿಂದ ಬಿದಿರು ತರಿಸಿ, ಹೆರೆದು, ಬೆಂಕಿಯ ಹದದಲ್ಲಿ ಕಾಯಿಸಿ ಬಿಲ್ಲು ಮಾಡಿಕೊಂಡ. ಬಾಣಗಳಿಗೆ ಕೋಳಿಯ ಗರಿ ಕಟ್ಟಿದ. ಹೆದೆಗೆ ಜೇನುಮೇಣ ತಿಕ್ಕಿದ. ಅವನ ಕೈಯಲ್ಲಿ ಬಾಗಿಲು ಮಾಡಿಸಿಕೊಂಡು ಖುಷಿಯಾದ ಅರಬಿ ಮುದುಕನೊಬ್ಬ ತನ್ನ ಒಂಟೆ ಫಾರ್ಮಿನ ಹಿಂದೆ ಆಡಿಕೊಳ್ಳಲು ಜಾಗ ಕೊಟ್ಟ.

"ಇಲ್ಲಿ ಬೇಟೆ ಮಾಫಿ, ಇಲ್ಲವೇ ಇಲ್ಲ. ಕಾನೂನು ಅಂದ್ರೆ ಕಾನೂನು," ಎಂದು ಕಾಸಿಂ ಬಾಸ್ಮತಿ ಅಕ್ಕಿಯ ಚೀಲಗಳಿಗೆ ಹಳೆ ಬಟ್ಟೆ ತುರುಕಿ ಒಂದು ಜಿಂಕೆ ಹೊಲಿದ.

"ಜಿಂಕೆ ಅಂತೆ! ಬ್ಯಾರೀ, ನಿನ್ನ ಜಿಂಕೆಗೆ ಹಂದಿ ಮೂತಿ ಉಂಟಲ್ಲನಾ?" ಎಂದು ಎಡ್ವರ್ಡ್ ಮೊದಲ ದಿನವೇ ಕಾಲೆಳೆದ.

"ಸುಮ್ನಿರು ನೀನು! ಅದು ಜಿಂಕೆ. ನಿನಗೆ ಹಂದಿ ತಿಂದು ತಿಂದು ಎಲ್ಲ ಹಂದಿಯೇ ಕಾಣುದು."

ರಜೆಯ ದಿನ ಮೂವರೂ ಮರಳ ದಿಬ್ಬದ ಹಿಂದೆ ಹೊಟ್ಟೆಯ ಮೇಲೆ ತೆವಳಿ, ಗಾಳಿ ಯಾವ ಕಡೆ ಬೀಸುತ್ತದೆಂದು ಮರಳು ತೂರಿ ನೋಡಿ, ಅಕ್ಕಿ ಚೀಲವನ್ನು ಬೇಟೆಯಾಡುತ್ತಿದ್ದರು. ಸತ್ತ ಜಿಂಕೆಯನ್ನು ಕಾಸಿಂ ದಬ್ಬಣ ಹಿಡಿದು ಮತ್ತೆ ಹೊಲಿದು ಬದುಕಿಸುತ್ತಿದ್ದ. ಆಮೇಲೆ ಫ್ಲಾಸ್ಕಿನ ಚಹಾ, ಅವನ ಹೆಂಡತಿ ಆಚುಮ್ಮ ಕಟ್ಟಿಕೊಟ್ಟ ಅಕ್ಕಿಹಿಟ್ಟಿನ ಪತ್ತಿರಿ. ಅವನಷ್ಟು ತೃಪ್ತಿಯಿಂದ ಚಹಾ ಕುಡಿದವರನ್ನು ಸೇಸಪ್ಪ ಕಂಡಿರಲಿಲ್ಲ.

ಅವನದು ಒಂದೇ ಕಟ್ಟುನಿಟ್ಟು. ಆಟ ಮುಗಿದ ಕೂಡಲೇ ಹೆದೆ ಇಳಿಸಬೇಕು. "ದಿನಾ ಬಗ್ಗಿ ದುಡಿದವನಿಗೆ ಬೆನ್ನು ಚಾಚ್ಲಿಕ್ಕೆ ಬಿಡ್ಬೇಕು ಮಾರಾಯ." ಆ ಕೆಲಸಕ್ಕೆ ಮಾತ್ರ ಬೇರೆಯವರು ಕೈ ಹಾಕುವಂತಿರಲಿಲ್ಲ. ತಿರುಚಿ ಹಾಳು ಮಾಡುತ್ತೀರಿ ಎನ್ನುತ್ತಿದ್ದ.

*

ನಿನ್ನೆ ಬೆಳಿಗ್ಗೆ ಜಿಂಕೆಗೆ ಕೊನೆಯ ಬಾಣ ಬಿಟ್ಟು ನಗುತ್ತಲೇ ಕಾಸಿಂ ಎದೆ ಹಿಡಿದುಕೊಂಡು ಕೂತ. ಸೇಸಪ್ಪ ಬಿಲ್ಲನ್ನು ಹಿಂದಿನ ಸೀಟಿಗೆ ಹಾಕಿ ಕಾರು ಓಡಿಸಿದ. ಆಸ್ಪತ್ರೆಯಲ್ಲಿ ಮಗ ರಿಯಾಝ್ ಡಾಕ್ಟರ ಹಿಂದೆ ಓಡಾಡುತ್ತಿದ್ದಾಗ ಕಾಸಿಂ ಕಣ್ಣು ತೆರೆದು ಕೇಳಿದ್ದು ಒಂದೇ ಮಾತು.

"ಹಗ್ಗ ಇಳಿಸಿದ್ಯಾ?"

"ಹ್ಞೂಂ, ಇಳಿಸಿದೆ. ನೀನು ಮಲಗು."

ಕಾಸಿಂ ಮುಗುಳ್ನಕ್ಕು ಮಲಗಿದ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ. ಇವತ್ತು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸೇಸಪ್ಪ ಬಿಲ್ಲನ್ನು ಎತ್ತಿಕೊಂಡದ್ದೂ ಉಂಟು. ಮುರಿದರೆ ಏನು ಗತಿ ಎಂದು ಮತ್ತೆ ಅಲ್ಲೇ ಇಟ್ಟ.

*

ಕಾರಿನ ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಹೊಡೆಯಿತು. ಬಿಲ್ಲು ಸೀಳಿರಲಿಲ್ಲ. ಸೇಸಪ್ಪ ಉಸಿರು ಬಿಟ್ಟ. ಎಡ್ವರ್ಡ್ ಮುಂದೆ ಕೂತ, ರಿಯಾಝ್ ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಕಾರು ಖಲೀಫಾ ಸಿಟಿಯ ಕಾಸಿಮನ ಮನೆಯ ಕಡೆ ಹೊರಟಿತು. ಮನೆ ಹತ್ತಿರವಾದಾಗ ರಿಯಾಝನೇ ಅಪ್ಪನ ಮಾತು ತೆಗೆದ.

"ಕಳೆದ ವಾರ ಉಪ್ಪ ಗೋಡೆಗೆ ಮತ್ತೆ ಎರಡು ಮೊಳೆ ಹೊಡೆದ್ರು. ಬಿಲ್ಲಿಗೆ ಮೇಲೆ ಎರಡು ಉಂಟಲ್ಲ, ಬಾಡಿಗೆ ಮನೆ ಗೋಡೆ ಯಾಕೆ ಹಾಳು ಮಾಡ್ತೀರಿ ಅಂತ ರೇಗಿದೆ. ಸುಮ್ನೆ ನಕ್ಕರು. ರೇಗಬಾರದಿತ್ತು ಸೇಸಪ್ಪಣ್ಣ."

"ಬಿಡು ಮಗಾ. ನಕ್ಕಿದ್ದಾನಲ್ಲ."

ಮನೆಯಲ್ಲಿ ಆಚುಮ್ಮ ಗಂಡ ಸತ್ತ ಶೋಕದ ಇದ್ದತ್‌ಗೆ ಕೂತಿದ್ದಳು, ಪರಗಂಡಸರ ಎದುರು ಬರುವಂತಿಲ್ಲ. ಒಳಕೋಣೆಯ ಬಾಗಿಲ ಮರೆಯಿಂದ ದನಿ ಮಾತ್ರ ಬಂತು.

"ಸೇಸಪ್ಪಣ್ಣ, ಕಡೆಗೆ ಅವರು ಎಂತಾದ್ರೂ ಹೇಳಿದ್ರಾ?"

ಸೇಸಪ್ಪ ರಿಯಾಝನ ಕೈಯಿಂದ ಬಿಲ್ಲು ತೆಗೆದುಕೊಂಡು ಬಾಗಿಲ ಕಡೆ ಎತ್ತಿ ಹಿಡಿದ. "ಹಗ್ಗ ಇಳಿಸಿದ್ಯಾ ಅಂತ ಕೇಳಿದ. ಇಳಿಸಿದೆ ಅಂದೆ. ಸುಳ್ಳು ಹೇಳಿದೆ ಆಚುಮ್ಮಕ್ಕ. ಇದು ನೋಡಿ, ಇನ್ನೂ ಹಾಗೇ ಉಂಟು."

ಬಾಗಿಲ ಹಿಂದಿನಿಂದ ಅಳುವೂ ನಗುವೂ ಒಟ್ಟಿಗೇ ಬಂದವು. "ನನ್ನನ್ನು ಕೇಳ್ಲಿಲ್ಲ, ಬಿಲ್ಲನ್ನು ಕೇಳಿದ್ರಾ! ಎಂಥ ಮನುಷ್ಯ ಇವರು! ಈಗ ಇಳಿಸಿಬಿಡಿ ಅಣ್ಣ, ಅವರಿಗೆ ಹೇಳಿದ ಮಾತು ನಿಜ ಆಗ್ತದೆ."

"ನನ್ನ ಕೈಲಿ ಆಗುದಿಲ್ಲಕ್ಕ. ಅವ ಯಾರಿಗೂ ಬಿಡ್ತಿರಲಿಲ್ಲ."

"ಐ ಕ್ಯಾನ್ ಡೂ ಇಟ್, ಅಂಕಲ್." ಕಾಸಿಮನ ಮೊಮ್ಮಗಳು, ರಿಯಾಝನ ಮಗಳು ಮಿನ್ಹಾ ಸೋಫಾದ ಮೂಲೆಯಿಂದ ಎದ್ದಳು, ಅತ್ತು ಕಣ್ಣು ಕೆಂಪಾಗಿತ್ತು. "ಉಪ್ಪಾಪ ನನಗೆ ಬಾಲ್ಕನಿಯಲ್ಲಿ ಕಲಿಸಿದ್ದಾರೆ."

ರಿಯಾಝ್ ಬೆಪ್ಪಾಗಿ ನೋಡಿದ. ಹೋದ ತಿಂಗಳು ಕಾಸಿಂ ಆ ಬಿಲ್ಲನ್ನು ಇನ್ನಷ್ಟು ತೆಳ್ಳಗೆ ಹೆರೆದು ಎಳೆಯಲು ಹಗುರ ಮಾಡಿದ್ದು ಸೇಸಪ್ಪನಿಗೆ ನೆನಪಾಯಿತು. ಭುಜ ಸೋತಿರಬೇಕು ಎಂದು ತಾನೂ ಎಡ್ವರ್ಡೂ ತಮಾಷೆ ಮಾಡಿದ್ದರು.

ಮಿನ್ಹಾ ಬಲಗಾಲನ್ನು ಬಿಲ್ಲಿಗೂ ಹೆದೆಗೂ ನಡುವೆ ತೂರಿಸಿ, ಕೆಳತುದಿಯನ್ನು ಎಡಪಾದದ ಮುಂದಕ್ಕೆ ಸಿಕ್ಕಿಸಿ, ಬಿಲ್ಲಿನ ನಡುವನ್ನು ತೊಡೆಯ ಹಿಂಬದಿಗೆ ಆನಿಸಿ ಮೇಲ್ತುದಿಯನ್ನು ಮೆಲ್ಲನೆ ಬಾಗಿಸಿದಳು. ಬಿದಿರು ಕಿರ್ರೆಂದಿತು. ಸೇಸಪ್ಪ ಉಸಿರು ಹಿಡಿದ. ಕುಣಿಕೆ ಕಚ್ಚಿನಿಂದ ಜಾರಿತು. ಬಿಲ್ಲು ಬೆನ್ನು ಚಾಚಿತು. ಪೂರ್ತಿ ನೇರವಾಗಲಿಲ್ಲ, ತುಸು ಬಾಗು ಉಳಿದೇ ಇತ್ತು.

"ಖಲಾಸ್," ಅಂದ ಎಡ್ವರ್ಡ್, ಮೂಗು ಒರೆಸಿಕೊಳ್ಳುತ್ತ.

"ಇಳಿಯಿತಾ?" ಒಳಗಿನಿಂದ ದನಿ.

"ಇಳಿಯಿತು ಆಚುಮ್ಮಕ್ಕ," ಅಂದ ಸೇಸಪ್ಪ.

ರಿಯಾಝ್ ಬಿಲ್ಲನ್ನು ಮೇಲಿನ ಮೊಳೆಗಳ ಮೇಲಿಡಲು ಕೈ ಚಾಚಿದ. ಮಿನ್ಹಾ ಕೊಡಲಿಲ್ಲ. ತಾನೇ ಗೋಡೆಯ ಹತ್ತಿರ ಹೋಗಿ, ಅದನ್ನು ಕೆಳಗಿನ ಹೊಸ ಮೊಳೆಗಳ ಮೇಲೆ ಅಡ್ಡ ಮಲಗಿಸಿದಳು. ಅವು ಸರಿಯಾಗಿ ಅವಳ ಎದೆಯ ಮಟ್ಟಕ್ಕೇ ಇದ್ದವು. ಚಾಚಿದ್ದ ಕೈ ಹಾಗೆಯೇ ಇಳಿದು ರಿಯಾಝ್ ನೆಲದ ಮೇಲೆ ಕೂತುಬಿಟ್ಟ. ಮೇಲಿನ ಎರಡು ಮೊಳೆಗಳು ಖಾಲಿ ಉಳಿದವು.