ಹೊಲಿಗೆ ಮಿಷನ್ ತುಳಿದರೆ ಬರುವ ಚಿತ್ರ

ಹವಾಮಾನ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗಂಟೆಗೊಮ್ಮೆ ಉಷ್ಣಾಂಶ ಬರೆದು ನಿವೃತ್ತರಾದವರನ್ನು ಬೀದಿಯವರು ಹವಾಮಾನಪ್ಪ ಎಂದೇ ಕರೆಯುತ್ತಿದ್ದರು. ಅವರಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಮಳೆ ಬರುತ್ತದೆ ಎಂದು ಕಚೇರಿ ಹೇಳಿದ್ದು ಸುಳ್ಳಾಗಿರಬಹುದು, ಆದರೆ ತಾವು ಬರೆದ ಒಂದೇ ಒಂದು ಅಂಕಿಯೂ ಸುಳ್ಳಲ್ಲ ಎಂಬುದು ಅವರ ಜಂಬ. ಜಂಬ ಪಡಲು ಮನುಷ್ಯನಿಗೆ ಏನಾದರೂ ಬೇಕಲ್ಲ.

ಅವರ ಮನೆಯ ಹಾಲಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಫೋಟೋ ತೂಗುತ್ತಿತ್ತು. ಅದರಲ್ಲಿ ಇದ್ದದ್ದು ಬರೀ ಕಪ್ಪು. ಇಪ್ಪತ್ತು ವರ್ಷದ ಹಿಂದೆ ಹೆಂಡತಿಗೆ ಹೊಲಿಗೆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಾಗ ಹವಾಮಾನಪ್ಪ ಕ್ಯಾಮೆರಾದ ಮುಚ್ಚಳ ತೆಗೆಯದೆ ಮೂವತ್ತಾರು ಫೋಟೋ ಹೊಡೆದಿದ್ದರು. ಹೆಂಡತಿ ಬೈಯಲಿಲ್ಲ. ಮೂವತ್ತಾರರಲ್ಲಿ ಚೆನ್ನಾಗಿ ಬಂದಿದ್ದೊಂದನ್ನು ಆರಿಸಿ ದೊಡ್ಡದು ಮಾಡಿಸಿದರು. ಮನೆಗೆ ಬಂದವರಿಗೆಲ್ಲ "ಇದು ನಾನು ಬಹುಮಾನ ತಗೋತಿರೋದು" ಎಂದು ತೋರಿಸುತ್ತಿದ್ದರು. ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಈಗ ಆಕೆಯನ್ನು ಟಿವಿಯವರು ಕರೆದಿದ್ದರು. ಶುಕ್ರವಾರ ಸಂಜೆ ಐದಕ್ಕೆ, ಸವೆದ ಶರ್ಟಿನ ಕಾಲರ್ ಬಿಚ್ಚಿ, ಮಗುಚಿ ಹೊಲಿದು ಹೊಸದರಂತೆ ಮಾಡುವುದನ್ನು ಹನ್ನೆರಡು ನಿಮಿಷ ತೋರಿಸಬೇಕು. ನೇರ ಪ್ರಸಾರ, ಒಂದೇ ಸಲ.

"ರೆಕಾರ್ಡ್ ಮಾಡೋ ಜವಾಬ್ದಾರಿ ನಂದು" ಎಂದರು ಹವಾಮಾನಪ್ಪ.

ಹೆಂಡತಿ ಕಪ್ಪು ಫೋಟೋದ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ಹೆಂಡತಿಯ ತಮ್ಮ ಟೈಪ್‌ರೈಟರ್ ರಿಪೇರಿಯಿಂದ ಕಂಪ್ಯೂಟರ್ ರಿಪೇರಿಗೆ ಬಡ್ತಿ ಪಡೆದವನು. ಎಲ್ಲಿಂದಲೋ ಒಂದು ಹಳೆಯ ಟಿವಿ ಕಾರ್ಡ್ ತಂದು ಹಾಲಿನಲ್ಲಿದ್ದ ಭಾವನ ಕಂಪ್ಯೂಟರಿನೊಳಗೆ ಕೂರಿಸಿದ. ಟಿವಿಯ ಕೇಬಲನ್ನು ಅದರ ಬೆನ್ನಿಗೆ ಚುಚ್ಚಿದರೆ ಪರದೆಯ ಮೇಲೆ ಚಿತ್ರ ಬರುತ್ತದೆ, ಗುಂಡಿ ಒತ್ತಿದರೆ ರೆಕಾರ್ಡ್ ಆಗುತ್ತದೆ. ಆಗುತ್ತಿತ್ತು ಕೂಡ, ಮೂರೋ ನಾಲ್ಕೋ ನಿಮಿಷ. ಆಮೇಲೆ ವಾರ್ತೆ ಓದುವವಳ ಗದ್ದ ಹಣೆಗೆ ಹೋಗಿ ಅಂಟಿಕೊಂಡು, ಕಂಪ್ಯೂಟರ್ ಕಲ್ಲಾಗಿ ಕೂರುತ್ತಿತ್ತು.

ಭಾಮೈದ ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮೂರು ಸಲ ಮತ್ತೆ ಹಾಕಿದ. ಕಾರ್ಡಿನ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ. ಬೇರೆ ಸ್ಲಾಟಿಗೆ ಹಾಕಿದ. ಡಬ್ಬದ ಹೊದಿಕೆ ತೆಗೆದು ಫ್ಯಾನ್ ಇಟ್ಟ. ಕೊನೆಗೆ, "ಭಾವ, ನಿಮ್ಮ ಮನೆ ನೆಲಾನೇ ಸರಿ ಇಲ್ಲ" ಎಂದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು ಅಕ್ಕ, ಒಳಗಿನಿಂದಲೇ.

ಹವಾಮಾನಪ್ಪ ವಾದಕ್ಕೆ ಇಳಿಯಲಿಲ್ಲ, ಪುಸ್ತಕ ತೆರೆದರು. ಸಮಯ, ಕೋಣೆಯ ಉಷ್ಣಾಂಶ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು, ಎಲ್ಲಕ್ಕೂ ಒಂದೊಂದು ಕಲಂ. ಮೂರು ದಿನದಲ್ಲಿ ನಲವತ್ತೊಂದು ಸಲ ಪರೀಕ್ಷೆ ಮಾಡಿದರು. ಒಂಬತ್ತು ಸಲ ಚಿತ್ರ ಅಲುಗದೆ ನಿಂತಿತ್ತು. ಆ ಒಂಬತ್ತರ ಮುಂದೂ ಅವರದೇ ಮುದ್ದು ಅಕ್ಷರದಲ್ಲಿ ಒಂದೇ ಮಾತು: ಹೆಂಡತಿ ಮಿಷನ್ ತುಳಿಯುತ್ತಿದ್ದಾಳೆ.

"ಲೇ, ಸ್ವಲ್ಪ ತುಳಿಯೇ!" ಎಂದು ಕೂಗಿದರು. ಒಳಗೆ ಮಿಷನ್ ಟಕಟಕ ಎಂದಿತು, ಹೊರಗೆ ಗದ್ದ ಹಣೆಯಿಂದ ಇಳಿದು ಸ್ವಸ್ಥಾನ ಸೇರಿತು.

"ನಾನು ಹೇಳ್ಲಿಲ್ವಾ? ನೆಲ ಅದುರಿದ್ರೆ ಸಡಿಲ ಇರೋ ಕಾರ್ಡು ಸರಿಯಾಗಿ ಕೂರುತ್ತೆ" ಎಂದ ಭಾಮೈದ. ಹಾಗಾದರೆ ಗಟ್ಟಿಯಾಗಿ ಕೂರಿಸೋಣವೆಂದು ಸ್ಕ್ರೂ ಬಿಗಿದರೆ ಚಿತ್ರವೇ ಮಾಯ. ಮಿಷನ್ನನ್ನು ಹಾಲಿಗೆ ತಂದರೆ ಪರದೆಯ ಮೇಲೆ ಎಲ್ಲವೂ ಎರಡೆರಡು. ಒಳಕೋಣೆಯ ಆ ಮೂಲೆಯಿಂದಲೇ ತುಳಿಯಬೇಕು, ಅದೂ ಬಟ್ಟೆ ಕೊಟ್ಟು ಹೊಲಿಯುತ್ತಲೇ; ಖಾಲಿ ತುಳಿದರೆ ಕಾರ್ಡಿಗೆ ಸಮಾಧಾನವಿಲ್ಲ.

ಶುಕ್ರವಾರ ಹೆಂಡತಿ ಗಂಡನ ಒಂದು ಸವೆದ ಶರ್ಟನ್ನು ಚೀಲಕ್ಕೆ ಹಾಕಿಕೊಂಡು ತಮ್ಮನ ಕಾರಿನಲ್ಲಿ ಹೊರಟರು. ಬಾಗಿಲಲ್ಲಿ ನಿಂತು, "ತುಳಿಯೋಕೆ ಬೇರೆ ಯಾರನ್ನಾದ್ರೂ ಕರೀರಿ. ನಿಮಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ" ಎಂದರು.

"ದಾರ ನೀನೇ ಪೋಣಿಸಿಟ್ಟು ಹೋಗು. ತುಳಿಯೋದು ನಾನೇ" ಎಂದರು ಹವಾಮಾನಪ್ಪ. ಇನ್ನೊಬ್ಬರ ಕಾಲನ್ನು ನಂಬಿ ಇನ್ನೊಂದು ಕಪ್ಪು ಫೋಟೋ ತೂಗುಹಾಕಲು ಅವರಿಗೆ ಧೈರ್ಯವಿರಲಿಲ್ಲ.

ಐದಕ್ಕೆ ಎರಡು ನಿಮಿಷ ಇರುವಾಗ ಗುಂಡಿ ಒತ್ತಿ ಒಳಗೆ ಓಡಿದರು. ಕೈಗೆ ಸಿಕ್ಕ ಬೆಡ್‌ಶೀಟನ್ನು ಸೂಜಿಯ ಕೆಳಗೆ ತುರುಕಿ ತುಳಿಯತೊಡಗಿದರು. ಎದುರಿಗೆ ಖಾಲಿ ಗೋಡೆ. ಹಾಲಿನಲ್ಲಿ ಹೆಂಡತಿಯ ದನಿ ಕೇಳಿದಂತಾಗುತ್ತಿತ್ತು, ಆದರೆ ಮಿಷನ್ ಸದ್ದಿನಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ. ಹೋಗಿ ನೋಡಬೇಕೆಂದು ಜೀವ ಹಾರುತ್ತಿತ್ತು. ಎದ್ದರೆ ಚಿತ್ರ ಹೋಗುತ್ತದೆ, ಕೂತರೆ ಚಿತ್ರ ಕಾಣುವುದಿಲ್ಲ. ತಾವು ತೊಟ್ಟ ಅಂಗಿಯ ತುದಿ ಬೆಡ್‌ಶೀಟಿನ ಜೊತೆ ಸೂಜಿಯ ಕೆಳಗೆ ಹೋಗುತ್ತಿರುವುದು ಕಂಡಿತು. ಬಿಡಿಸಿಕೊಳ್ಳಲು ನಿಲ್ಲಿಸಬೇಕಾಗುತ್ತದಲ್ಲ ಎಂದು ಹೋಗಲು ಬಿಟ್ಟರು.

ಏಳೂವರೆಗೆ ಹೆಂಡತಿ ಬಂದಾಗ ಅವರು ಬೆಡ್‌ಶೀಟಿಗೆ ಹೊಲಿದುಕೊಂಡೇ ಕುರ್ಚಿಯಲ್ಲಿ ಕೂತಿದ್ದರು. ತುಳಿಯುವುದನ್ನು ಮಾತ್ರ ನಿಲ್ಲಿಸಿದ್ದರು. ನೋಡುವ ಧೈರ್ಯ ಬಂದಿರಲಿಲ್ಲ.

"ಬಂತಾ?"

"ನೀನೇ ನೋಡು."

ಫೈಲು ಇತ್ತು. ಆದರೆ ಹಾಕಿದ ತಕ್ಷಣ ಕಂಪ್ಯೂಟರ್ ಕಲ್ಲಾಯಿತು. ನೋಡುವುದಕ್ಕೂ ತುಳಿಯಲೇಬೇಕು! ಹವಾಮಾನಪ್ಪ ತುಳಿದರು. ಹಾಲಿನಿಂದ ಹೆಂಡತಿ ನಕ್ಕಿದ್ದು ಕೇಳಿಸಿತು. ಕೊನೆಗೆ ಆಕೆ ಒಳಗೆ ಬಂದು ಕತ್ತರಿಯಿಂದ ಅಂಗಿಯನ್ನು ಬೆಡ್‌ಶೀಟಿನಿಂದ ಬಿಡಿಸಿ, "ಏಳಿ. ನಾನು ತುಳೀತೀನಿ, ಹೋಗಿ ನೋಡಿ" ಎಂದರು.

ಪರದೆಯ ಮೇಲೆ ಹೆಂಡತಿ ಅವರದೇ ಶರ್ಟನ್ನು ಹಿಡಿದು ಕೂತಿದ್ದರು. ಕಾರ್ಯಕ್ರಮ ನಡೆಸುವವಳು, "ಮನೇಲಿ ಯಾರು ನೋಡ್ತಿದಾರೆ ಅಮ್ಮ?" ಎಂದಳು.

"ನೋಡೋಕೆ ಪಾಪ ಅವರಿಗೆ ಆಗಲ್ಲ. ನಾನು ಕಾಣ್ಲಿ ಅಂತ ಒಳಗೆ ಕೂತು ಮಿಷನ್ ತುಳೀತಿದಾರೆ" ಎಂದು ಕ್ಯಾಮೆರಾ ಕಡೆ ನೇರ ತಿರುಗಿದರು. "ರೀ, ಈ ಸಲ ಮುಚ್ಚಳ ತೆಗೆದಿದೀರಿ ತಾನೆ?"

ಹಾಗೆ ಕೇಳಿ ಪರದೆಯ ಮೇಲಿನ ಹೆಂಡತಿ ನಕ್ಕರು. ಅದೇ ಕ್ಷಣಕ್ಕೆ ಒಳಗೆ ಮಿಷನ್ ನಿಂತಿತು. ಗಂಡನ ಡೊಂಕು ಹೊಲಿಗೆ ಕಣ್ಣಿಗೆ ಬಿದ್ದಿರಬೇಕು, ಬಿಚ್ಚದೆ ಇರಲು ಆಕೆಯಿಂದಾಗುತ್ತದೆಯೇ? ದಾರ ಕೀಳುವ ಸಣ್ಣ ಸದ್ದು ಕೇಳುತ್ತಿತ್ತು. ಪರದೆಯ ಮೇಲೆ ನಗು ನಕ್ಕ ಹಾಗೇ ನಿಂತುಬಿಟ್ಟಿತ್ತು. ಗದ್ದ ಗದ್ದದ ಜಾಗದಲ್ಲಿ, ಕಣ್ಣು ನೇರ ಅವರ ಮೇಲೆ.

"ರೀ, ನಿಂತುಹೋಯ್ತೇನ್ರೀ?" ಎಂದರು ಹೆಂಡತಿ ಒಳಗಿನಿಂದ.

ಮೂವತ್ತೆರಡು ವರ್ಷ ಒಂದು ಅಂಕಿಯನ್ನೂ ತಪ್ಪು ಬರೆಯದ ಮನುಷ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲ ಕಣೇ, ಓಡ್ತಾ ಇದೆ" ಎಂದರು. "ನೀನು ನಿಧಾನಕ್ಕೆ ಬಿಚ್ಚು."