ಎರಡೂ ಎಡತೋಳು

ಗಿರಾಕಿಯೊಬ್ಬರ ಕೋಟಿಗೆ ನನ್ನ ತಂಗಿ ಎರಡೂ ಎಡತೋಳು ಕತ್ತರಿಸಿಟ್ಟಿದ್ದಳು. ಒಂದು ತೋಳು ಕತ್ತರಿಸಿದ ಮೇಲೆ ಕಾಗದದ ನಮೂನೆಯನ್ನು ಮಗುಚಿಟ್ಟು ಇನ್ನೊಂದನ್ನು ಕತ್ತರಿಸಬೇಕು. ಹೊಲಿಗೆಯವರಿಗೆ ಇದು ಅಆಇಈ. ಹದಿನೈದು ವರ್ಷದಿಂದ ನನ್ನ ಅಂಗಡಿಯಲ್ಲೇ ಕೆಲಸ ಮಾಡುವವಳು ಈ ವರ್ಷ ಮೂರನೇ ಸಲ ಮರೆತಳು. ಅದೂ ನಾನು ಪಕ್ಕದಲ್ಲೇ ನಿಂತು "ಹುಷಾರು, ಹುಷಾರು" ಎನ್ನುತ್ತಿದ್ದಾಗ. ನನಗೆ ಪಿತ್ತ ನೆತ್ತಿಗೇರಿತು.

"ಸಾಕು ಕಣೇ. ನಿನ್ನ ಜೊತೆ ಏಗೋಕೆ ನನ್ನಿಂದ ಆಗಲ್ಲ. ನಾಳೆಯಿಂದ ಬೇರೆ ಅಂಗಡಿ ನೋಡ್ಕೋ," ಎಂದೆ.

ಅವಳು ಅಳಲಿಲ್ಲ. ಚೀಲ ತಡಕಾಡಿ, ಅದನ್ನು ಎರಡು ಸಲ ಬೀಳಿಸಿ, ಮುದುಡಿದ ನಾಲ್ಕು ಹಾಳೆ ನನ್ನ ಮುಂದಿಟ್ಟಳು.

"ಡಾಕ್ಟರ್ ಕೊಟ್ಟ ಫಾರಂ ಇದು. ಗಮನ ನಿಲ್ಲದೇ ಇರೋ ತೊಂದರೆ ನಂಗೆ ಮೊದಲಿಂದಲೂ ಇದೆಯೇನೋ ಅಂತ ಅವರಿಗೆ ಅನುಮಾನ. ಚಿಕ್ಕಂದಿನಲ್ಲಿ ನನ್ನ ನೋಡಿದವರು ತುಂಬ್ಕೊಡಬೇಕಂತೆ. ಅಮ್ಮ ಇಲ್ಲ, ನೀನೇ ಇರೋದು. ತುಂಬ್ಕೊಡು, ಹೋಗ್ತೀನಿ."

"ಬೇಜವಾಬ್ದಾರಿಗೂ ಈಗ ಕಾಯಿಲೆ ಅಂತ ಹೆಸರಿಟ್ರಾ?" ಎನ್ನುತ್ತಾ ಪೆನ್ನು ತೆಗೆದುಕೊಂಡೆ.

ನಿಜ ಹೇಳಬೇಕೆಂದರೆ ಖುಷಿಯಿಂದಲೇ ತುಂಬಿದೆ. ವಸ್ತು ಕಳೆದುಕೊಳ್ಳುತ್ತಿದ್ದರೇ? ಪದೇ ಪದೇ. ಒಂದೇ ವರ್ಷದಲ್ಲಿ ಮೂರು ಕೊಡೆ. ಹಿಡಿದ ಕೆಲಸ ನಡುವೆಯೇ ಬಿಡುತ್ತಿದ್ದರೇ? ಒಲೆಯ ಮೇಲೆ ಉಕ್ಕಿಹೋದ ಹಾಲಿಗೆ ಲೆಕ್ಕವೇ ಇಲ್ಲ. ಕರೆದರೆ ಓಗೊಡುತ್ತಿದ್ದರೇ? ಕಿವುಡಿಯೇನೋ ಎಂದು ಅಮ್ಮ ಕಿವಿ ಪರೀಕ್ಷೆಯನ್ನೂ ಮಾಡಿಸಿದ್ದಳು. ಇಷ್ಟು ವರ್ಷ ನನ್ನ ದೂರು ಕೇಳುವವರಿರಲಿಲ್ಲ, ಈಗ ಡಾಕ್ಟರೇ ಕೇಳುತ್ತಿದ್ದರು.

ಕೊನೆಯ ಹಾಳೆಯಲ್ಲಿ ಗುರುತು ಹಾಕುವ ಚೌಕಗಳಿರಲಿಲ್ಲ. "ಮನೆಯಲ್ಲಿ ಪಾಠ ಹೇಳಿಕೊಡುತ್ತಿದ್ದವರು ಯಾರು? ತಪ್ಪಾದಾಗ ಏನು ಮಾಡುತ್ತಿದ್ದರು?" ಎಂದಿತ್ತು. ಕೆಳಗೆ ಆರು ಖಾಲಿ ಗೆರೆ.

ಹೇಳಿಕೊಡುತ್ತಿದ್ದವಳು ನಾನೇ. ಆಗ ನನಗೆ ಹದಿಮೂರು, ಅವಳಿಗೆ ಎಂಟು. ಮಗ್ಗಿ ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಏಟು. "ತಿದ್ದುತ್ತಿದ್ದೆ" ಎಂದು ಬರೆದೆ. ಅದನ್ನು ಗೀಚಿ ಹಾಕಿ ಮತ್ತೆ ಬರೆದೆ: "ಹೊಡೆಯುತ್ತಿದ್ದೆ. ದಡ್ಡಿ ಎಂದು ನನ್ನ ಗೆಳತಿಯರ ಮುಂದೆ ನಗುತ್ತಿದ್ದೆ. ಏಳರ ಮಗ್ಗಿಯವರೆಗೆ ಕಲಿತಳು. ಆಮೇಲೆ ನನ್ನ ಹತ್ತಿರ ಕೂರುವುದನ್ನೇ ಬಿಟ್ಟಳು." ಬರೆದಿದ್ದನ್ನು ಅವಳ ಕೈಗೆ ಕೊಡಲು ನಾಚಿಕೆಯಾಯಿತು. ಕೊಟ್ಟೆ.

ಅವಳು ನಿಂತೇ ಓದಿದಳು. ಅವಳು ಹಾಳೆ ಮಡಚುವ ಮೊದಲೇ ನಾನು ಬಾಯಿ ಬಿಟ್ಟೆ. "ಹೋಗೋದೇನೂ ಬೇಡ. ನೀನು ಹೊಲಿಗೆ ಮಾತ್ರ ಮಾಡು. ಕತ್ತರಿಸೋದು ನಾನು ನೋಡ್ಕೋತೀನಿ." ದೊಡ್ಡ ಮನಸ್ಸು ಮಾಡಿದೆ ಎಂದುಕೊಂಡೆ.

"ಕತ್ತರಿಸೋಕೆ ಬರುತ್ತೆ ಅಕ್ಕ," ಎಂದಳು. "ಎಂಟರ ಮಗ್ಗಿನೂ ಬರ್ತಿತ್ತು. ನೀನು ಎದುರಿಗೆ ಕೂತ್ರೆ ಬರ್ತಿರಲಿಲ್ಲ, ಅಷ್ಟೆ."

ಮರುದಿನ ಅದೇ ಬಣ್ಣದ ಬಟ್ಟೆ ಹುಡುಕಿ ತಂದು ಮೇಜಿನ ಮೇಲೆ ಹಾಸಿ, ಅವಳೊಬ್ಬಳನ್ನೇ ಬಿಟ್ಟು ಹೊರಗೆ ಹೋದೆ. ಬೀದಿಯ ಕೊನೆಯವರೆಗೆ ನಡೆದು ಬಂದೆ. ಬಾಗಿಲ ಗಾಜಿನಲ್ಲಿ ಇಣುಕಿದರೆ, ಒಂದು ತೋಳು ಮುಗಿಸಿದ್ದಳು. ನಮೂನೆಯನ್ನು ಕೈಯಲ್ಲಿ ಹಿಡಿದು ಎತ್ತಲೋ ನೋಡುತ್ತಾ ನಿಂತಿದ್ದಳು. "ಮಗುಚೇ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡು ಇನ್ನೊಂದು ಸುತ್ತು ಹೋದೆ.