ಕಡ್ಡಿಹುಳದ ಕಾಲು

ಎಳೆದದ್ದು ನೂಲಲ್ಲ ಎಂದು ತಿಳಿಯುವಷ್ಟರಲ್ಲಿ ಕಾಲು ಟೈಲರಮ್ಮನ ಬೆರಳ ನಡುವೆ ಉಳಿದಿತ್ತು. ಗಾಜಿನ ಪೆಟ್ಟಿಗೆಯ ಬಾಯಿಗೆ ಬಿಗಿದ ಪರದೆ ಬಟ್ಟೆಯಿಂದ ಕಂದು ಎಳೆಯೊಂದು ಜೋತುಬಿದ್ದಂತೆ ಕಂಡಿತ್ತು. ಜೀವಮಾನವಿಡೀ ಅಂಗಿ ಹೊಲಿದ ಕೈ; ಎಳೆ ಕಂಡರೆ ಸಾಕು, ಯಜಮಾನಿಯನ್ನು ಕೇಳದೆ ಕಿತ್ತುಹಾಕುವುದು ಅದರ ಚಾಳಿ. ಪರದೆಗೆ ಅಂಟಿಕೊಂಡಿದ್ದ, ಥೇಟ್ ಒಣಕಡ್ಡಿಯಂತೆ ಕಾಣುವ ಕಡ್ಡಿಹುಳ ಕೆಳಗಿನ ಎಲೆಗಳ ಮೇಲೆ ಉದುರಿ, ಉಳಿದ ಕಾಲುಗಳನ್ನು ಮೈಗೆ ಅಂಟಿಸಿಕೊಂಡು, ಒಣಗಿದ ರೆಂಬೆಯಂತೆ ಸೆಟೆದು ಮಲಗಿತು.

ಹುಳ ಸೊಸೆಯದು. ಮದುವೆಯಾಗಿ ಬಂದಾಗ ಬಟ್ಟೆಯ ಪೆಟ್ಟಿಗೆಯ ಜೊತೆ ಇದನ್ನೂ ತಂದಿದ್ದಳು. "ಹುಳ ಹಿಡ್ಕೊಂಡು ಸಂಸಾರಕ್ಕೆ ಬಂದೋಳನ್ನ ನಿನ್ನೊಬ್ಬಳನ್ನೇ ನೋಡಿದ್ದು" ಎಂದು ಅತ್ತೆ ತಮಾಷೆಗೆ ಅಂದದ್ದು ಅವಳಿಗೆ ನಾಟಿತ್ತು. ಅಂದಿನಿಂದ ಇಬ್ಬರ ನಡುವೆ ಅಗತ್ಯವಿದ್ದಷ್ಟೇ ಮಾತು. ಅಂಥವಳು ನಿನ್ನೆ ಕೆಲಸದ ಮೇಲೆ ಪರವೂರಿಗೆ ಹೊರಟಾಗ ಪೆಟ್ಟಿಗೆಯನ್ನು ತಾನೇ ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟು, ಗುಲಾಬಿ ಎಲೆ ಹಾಕಿ ನೀರು ಚಿಮುಕಿಸುತ್ತೀರಾ ಎಂದು ಕೇಳಿದ್ದಳು. ಕೊಟ್ಟದ್ದು ಬರೀ ಹುಳವನ್ನಲ್ಲ ಎಂದು ಅತ್ತೆಗೆ ಗೊತ್ತಿತ್ತು. ಈಗ ಅತ್ತೆ ಬೇಕೆಂದೇ ಕೊಂದಳು ಎಂದು ಸೊಸೆ ಅಂದುಕೊಂಡರೆ ಯಾರ ಮುಂದೆ ಹೇಳಿಕೊಳ್ಳುವುದು?

ಕಾಲರಿಗೆ ಹಚ್ಚುವ ಅಂಟಿನಿಂದ ಕಾಲು ಕೂಡಿಸಲೇ ಎಂದೂ ಯೋಚಿಸಿದಳು. ಫೋನಿನಲ್ಲಿ ಮಗ, ತಾನಾಗೇ ಸತ್ತಿತು ಅಂದುಬಿಡು ಎಂದ. ಆ ಬುದ್ಧಿ ನಿನ್ನ ಆಫೀಸಿಗೇ ಇಟ್ಟುಕೋ ಎಂದು ಗದರಿಸಿ ಇಟ್ಟಳು. ಮಧ್ಯಾಹ್ನ ಸೊಸೆ ಬಂದಾಗ, ಚಪ್ಪಲಿ ಬಿಡುವುದಕ್ಕೂ ಕಾಯದೆ, ನಡೆದದ್ದನ್ನು ನಡೆದಂತೆ ಹೇಳಿ ಅಂಗೈಯಲ್ಲಿದ್ದ ಕಾಲನ್ನು ಮುಂದೆ ಚಾಚಿದಳು.

ಸೊಸೆ ಪರದೆ ಸರಿಸಿ, ಬಗ್ಗಿ, ಮೆಲ್ಲನೆ ಉಸಿರು ಊದಿದಳು. ರೆಂಬೆ ಎದ್ದು ನಿಂತಿತು. ಗಾಳಿಗೆ ತೂಗುವ ಕಡ್ಡಿಯ ಹಾಗೆ ಅತ್ತಿತ್ತ ತೂಗಿತು.

"ಹೆದರಿದ್ರೆ ಹೀಗೇ ಸತ್ತ ಹಾಗೆ ಬಿದ್ಕೊಳ್ಳುತ್ತೆ ಅತ್ತೆ. ಇನ್ನೂ ಮರಿ ಇದು. ಪೊರೆ ಬಿಟ್ಟಾಗ ಹೊಸ ಕಾಲು ಬರುತ್ತೆ. ಮೊದಮೊದಲು ಸ್ವಲ್ಪ ಗಿಡ್ಡ ಇರುತ್ತೆ, ಅಷ್ಟೆ."

"ಗಿಡ್ಡನಾ? ಹಾಗಾದ್ರೆ ಸಮ ಮಾಡೋಕೆ ಮಿಕ್ಕಿದ್ದನ್ನೂ ಮಡಚಿ ಹೊಲೀಲೇನೇ?"

ಸೊಸೆ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡಳು. ನಗು ಇಳಿದ ಮೇಲೆ ಹುಳವನ್ನು ಎತ್ತಿ ಅತ್ತೆಯ ಮಣಿಕಟ್ಟಿನ ಮೇಲೆ ಬಿಟ್ಟಳು. ಅದು ಒಂದೊಂದೇ ಕಾಲು ಊರಿ ನೋಡಿ, ಮುಂಗಾಲುಗಳನ್ನು ಇನ್ನೊಂದು ಕೈಗೆ ಚಾಚಿ, ಎರಡು ಕೈಗಳ ನಡುವೆ ಸೇತುವೆಯಂತೆ ನಿಂತುಬಿಟ್ಟಿತು. ಅತ್ತೆ ರೆಪ್ಪೆ ಕೂಡ ಅಲುಗಿಸದೆ ಕೂತಳು.

ಸೊಸೆ ಚಹಾ ಮಾಡಿ ತಂದಳು. ಅತ್ತೆಗೆ ಲೋಟ ಹಿಡಿಯಲು ಕೈ ಬಿಡುವಿರಲಿಲ್ಲ. ಸೊಸೆ ಪಕ್ಕದ ಮಣೆ ಎಳೆದುಕೊಂಡು ಕೂತು, ಊದಿ ಊದಿ ಆರಿಸಿ, ಲೋಟವನ್ನು ಅವಳ ತುಟಿಗೆ ಹಿಡಿದಳು.